ತೇರು, ಜೀಪು ಮತ್ತು ತೆರೆಯ ಮೇಲಿನ ಕಾರು

ಇಂಗ್ಲಿಷರು ನಮ್ಮ ದೇವಸ್ಥಾನಗಳ ರಥೋತ್ಸವವನ್ನು ಕಂಡು ‘ಕಾರ್ ಫೆಸ್ಟಿವಲ್’ ಎಂದು ಬರೆದುಕೊಂಡರು. ತೇರಿನ ಬೀದಿ ಅವರ ಕಾಗದಪತ್ರಗಳಲ್ಲಿ ‘ಕಾರ್ ಸ್ಟ್ರೀಟ್’ ಆಯಿತು; ಮಂಗಳೂರಿನಲ್ಲಿ ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ಮೋಟಾರು ಗಾಡಿ ಹುಟ್ಟುವುದಕ್ಕೆ ಬಹಳ ಹಿಂದಿನಿಂದಲೇ ಅವರ ಭಾಷೆಯಲ್ಲಿ ಕಾರ್ ಎಂದರೆ ಚಕ್ರವುಳ್ಳ ಬಂಡಿ, ರಥ ಎಂಬ ಅರ್ಥವಿತ್ತು. ಪುರಿಯ ಜಗನ್ನಾಥನ ತೇರಿನಿಂದ ‘ಜಗರ್‌ನಾಟ್’ ಎಂಬ ಇನ್ನೊಂದು ಮಾತನ್ನೂ ಅವರು ಸಂಪಾದಿಸಿಕೊಂಡರು. ಹೀಗಾಗಿ ಕಾರಿನ ಮಾತನ್ನು ತೇರಿನಿಂದ ಆರಂಭಿಸಿದರೆ ನೀವು ಬೇಸರಪಡಲಾರಿರಿ ಎಂದುಕೊಳ್ಳುತ್ತೇನೆ.

ನಿಮ್ಮ ಮನೆಯಲ್ಲಿ ಈಗ ನಲವತ್ತು ನಲವತ್ತೈದು ದಾಟಿದ ಮಗನೋ ಸೊಸೆಯೋ ಇದ್ದರೆ ಒಮ್ಮೆ ಕೇಳಿ ನೋಡಿ: ‘ಚಿಕ್ಕಂದಿನಲ್ಲಿ ಟೆಲಿವಿಷನ್ನಿನಲ್ಲಿ ಕಂಡ ಗಾಡಿಗಳಲ್ಲಿ ನಿನಗೆ ಯಾವುದು ನೆನಪಿದೆ?’ ಕಥೆ ಮರೆತಿರುತ್ತದೆ, ನಟರ ಹೆಸರು ಮರೆತಿರುತ್ತದೆ, ಗಾಡಿ ಮಾತ್ರ ಮರೆತಿರುವುದಿಲ್ಲ. ಅಮೆರಿಕದಲ್ಲಂತೂ ಇದು ಒಂದು ದೊಡ್ಡ ವ್ಯಾಮೋಹವೇ ಆಗಿದೆ. ತಲೆ ನರೆತ ಗೃಹಸ್ಥರು ತಮ್ಮ ಬಾಲ್ಯದ ಧಾರಾವಾಹಿಯ ಕಾರನ್ನು ಮುಟ್ಟಿ ನೋಡಲು ನೂರಾರು ಮೈಲಿ ಹೋಗುತ್ತಾರಂತೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಮಕ್ಕಳಿಗೆ ಇಂಥ ನೆನಪು ಉಂಟೆ? ಉಂಟು. ಆದರೆ ಅದರ ಬಗೆ ಬೇರೆ. ಅದನ್ನು ಹೇಳುವುದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತದೆ.

ಈ ಮೂರೂ ಊರುಗಳು ಇಂದು ಒಂದೇ ಜಿಲ್ಲೆಗೆ ಸೇರಿವೆ. ಚಾಮರಾಜನಗರ ಜಿಲ್ಲೆಯಾದದ್ದು ೧೯೯೭ರಲ್ಲಿ. ಹನೂರು ಬೇರೆ ತಾಲ್ಲೂಕಾದದ್ದು ಇನ್ನೂ ಈಚೆಗೆ. ಅದಕ್ಕೆ ಮುಂಚೆ ಅದು ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿತ್ತು. ಆದರೆ ಶತಮಾನಕ್ಕೂ ಹೆಚ್ಚು ಕಾಲ ಇವು ಎರಡು ಆಳ್ವಿಕೆಗಳಿಗೆ ಹಂಚಿಹೋಗಿದ್ದವು. ೧೭೯೯ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕೊಳ್ಳೇಗಾಲ ಸೀಮೆ ಇಂಗ್ಲಿಷರ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಹತ್ತು ಮೈಲಿಯ ದಾರಿ, ನಡುವೆ ಒಂದು ಗಡಿ. ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಾಗ ಆ ಗಡಿ ಅಳಿಯಿತು. ಆಡುವ ಮಾತು ಎರಡು ಕಡೆಯೂ ಒಂದೇ ಇತ್ತು. ರಸ್ತೆಯ ಉಸ್ತುವಾರಿ ಮಾತ್ರ ಒಂದು ಕಡೆ ಮದರಾಸಿನದು, ಇನ್ನೊಂದು ಕಡೆ ಮೈಸೂರಿನದು.

ಇನ್ನೊಂದು ಸಂಗತಿಯನ್ನು ನೀವು ಗಮನಿಸಬೇಕು. ಕೊಳ್ಳೇಗಾಲಕ್ಕಾಗಲಿ ಹನೂರಿಗಾಗಲಿ ಯಳಂದೂರಿಗಾಗಲಿ ಇಂದಿಗೂ ರೈಲು ಬಂದಿಲ್ಲ. ಬೇರೆ ಊರಿನ ಹುಡುಗನಿಗೆ ಎಂಜಿನ್ನಿನ ಕೂಗು ಏನಾಗಿತ್ತೋ ಇಲ್ಲಿಯ ಹುಡುಗನಿಗೆ ಬಸ್ಸಿನ ಹಾರನ್ನು ಅದೇ ಆಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದಕ್ಷಿಣದೇಶದ ಬಸ್ಸುಗಳ ಹಿಂಭಾಗದಲ್ಲಿ ಇದ್ದಿಲಿನ ಒಲೆ ಕಟ್ಟಿ, ಅದರ ಅನಿಲದಿಂದ ಎಂಜಿನ್ನು ನಡೆಸುತ್ತಿದ್ದರು. ಒಲೆಯನ್ನು ಊದಿ ಕಾಯಿಸಿ, ಮುಂದೆ ಹ್ಯಾಂಡಲು ತಿರುವಿ, ಗಾಡಿ ಗುಡುಗುವವರೆಗೆ ಪ್ರಯಾಣಿಕರು ಮರದಡಿಯಲ್ಲಿ ಕಾಯಬೇಕು. ದೊಡ್ಡವರಿಗೆ ಅದು ಪೀಡೆ; ಮಕ್ಕಳಿಗೆ ಅದೇ ನಾಟಕ. ೧೯೪೮ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ ೧೨೦ ಬಸ್ಸುಗಳೊಡನೆ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿತು. ೧೯೬೧ರ ಆಗಸ್ಟಿನಲ್ಲಿ ಅದು ಸಾರಿಗೆ ಸಂಸ್ಥೆಯಾಯಿತು. ಕೆಂಪು ಬಸ್ಸು ಊರೂರಿಗೆ ಬಂದ ಮೇಲೆ ಹುಡುಗರ ಆಟದಲ್ಲೂ ಅದು ಬಂತು. ಹಗ್ಗದ ಎರಡು ತುದಿ ಗಂಟು ಹಾಕಿ, ಒಳಗೆ ನಾಲ್ಕು ಮಂದಿ ನಿಂತು, ಹಿಂದಿನವನು ‘ರೈಟ್’ ಎಂದರೆ ಮುಂದಿನವನು ಬಾಯಲ್ಲೇ ಎಂಜಿನ್ನು ಹಚ್ಚಿ ಓಡುವ ಆಟವನ್ನು ನೀವೂ ಆಡಿರಬೇಕು. ಹಳೆಯ ಸೈಕಲ್ ಟೈರು, ಒಂದು ಕಡ್ಡಿ ಇದ್ದರೆ ಅದು ಸ್ವಂತ ಕಾರು. ಜಾತ್ರೆಗೆ ಹೋದ ಅಪ್ಪ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗಾಡಿ ತಂದರೆ ಆ ವರ್ಷವೆಲ್ಲ ಕೇರಿಗೆ ಅವನೇ ಸಾಹುಕಾರ.

ಆದರೆ ಮಗುವಿನ ಮನಸ್ಸನ್ನು ಸೆರೆಹಿಡಿಯುವ ಗಾಡಿ ಬರಿಯ ಗಾಡಿಯಾಗಿದ್ದರೆ ಸಾಲದು. ಅದಕ್ಕೆ ತನ್ನದೇ ಬುದ್ಧಿ ಇರಬೇಕು, ಹಠ ಇರಬೇಕು, ಯಜಮಾನನ ಮೇಲೆ ಪ್ರೀತಿ ಇರಬೇಕು. ಈ ವಿಷಯದಲ್ಲಿ ನಮ್ಮ ಸೀಮೆಯ ಮಕ್ಕಳು ಮೊದಲಿನಿಂದಲೂ ಅದೃಷ್ಟವಂತರು. ಏಳುಮಲೆಯ ಮಾದಪ್ಪನಿಗೆ ಹುಲಿಯೇ ವಾಹನ. ಬೆಟ್ಟದಲ್ಲಿ ಹುಲಿವಾಹನದ ಉತ್ಸವ ಹೊರಟು, ‘ಉಘೇ’ ಎಂಬ ಕೂಗು ಏಳುವಾಗ ಅಪ್ಪನ ಹೆಗಲ ಮೇಲೆ ಕುಳಿತ ಮಗುವಿಗೆ ವಾಹನಕ್ಕೆ ಜೀವವಿದೆಯೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯುಗಾದಿ, ದೀಪಾವಳಿ, ಶಿವರಾತ್ರಿಗಳಲ್ಲಿ ಅಲ್ಲಿ ತೇರು ಎಳೆಯುತ್ತಾರೆ. ತೇರು ನಡುದಾರಿಯಲ್ಲಿ ನಿಂತುಬಿಟ್ಟರೆ ಚಕ್ರಕ್ಕೆ ಏನಾಗಿದೆ ಎಂದು ನೋಡುವುದಕ್ಕೆ ಮುಂಚೆ ‘ದೇವರಿಗೆ ಏನು ಮುನಿಸೋ’ ಎನ್ನುವುದು ನಮ್ಮ ಹಿರಿಯರ ರೂಢಿ.

ಯಳಂದೂರಿನ ಕಡೆಯ ಬಿಳಿಗಿರಿರಂಗನ ಸಂಗತಿ ಇನ್ನೂ ಸೊಗಸು. ಸಂಕ್ರಾಂತಿಯ ಚಿಕ್ಕ ಜಾತ್ರೆ, ವೈಶಾಖದ ದೊಡ್ಡ ಜಾತ್ರೆ, ದೊಡ್ಡ ತೇರು ಎಲ್ಲ ಇದ್ದರೂ ಈ ದೇವರು ಸಂಚಾರಕ್ಕೆ ಮೆಟ್ಟನ್ನೇ ನೆಚ್ಚಿದವನು. ಬೂದಿತಿಟ್ಟಿನ ಕುಶಲಕರ್ಮಿಗಳು ಆತನಿಗೆಂದು ಬಹು ದೊಡ್ಡ ಅಳತೆಯ ಚರ್ಮದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸುತ್ತಾರೆ. ರಂಗಪ್ಪ ಅವನ್ನು ಮೆಟ್ಟಿಕೊಂಡು ರಾತ್ರಿಯೆಲ್ಲ ಕಾಡು ಸುತ್ತುತ್ತಾನೆ, ಅದರಿಂದ ಅವು ಸವೆಯುತ್ತವೆ ಎಂಬುದು ನಂಬಿಕೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದ್ದರಿಂದ ಆ ಜನಕ್ಕೆ ಆತ ಭಾವನೂ ಆಗಬೇಕು. ನಡೆದು ಹೋಗುವ ಭಾವ, ಹುಲಿಯೇರಿ ಹೋಗುವ ಮಾದಪ್ಪ: ಇವೆರಡನ್ನು ಕೇಳಿ ಬೆಳೆದ ಮಗುವಿಗೆ ಮುಂದೆ ಟೆಲಿವಿಷನ್ನಿನಲ್ಲಿ ಮಾತನಾಡುವ ಕಾರು ಬಂದರೆ ಅದೇನೂ ಮಹಾ ಸೋಜಿಗವಾಗಬೇಕಾಗಿಲ್ಲ.

ಟೆಲಿವಿಷನ್ನಿಗೆ ಮೊದಲು ಟೆಂಟು ಸಿನಿಮಾ ಇತ್ತು. ೧೯೬೮ರಲ್ಲಿ ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’ ಬಂದಾಗ ಕನ್ನಡದ ಹುಡುಗರಿಗೆ ತಮ್ಮದೇ ಭಾಷೆಯ ಪತ್ತೇದಾರ ಸಿಕ್ಕಿದ. ಸಿ.ಐ.ಡಿ. ೯೯೯ ಆಗಿ ರಾಜ್‌ಕುಮಾರ್ ಬಂದರು. ಅವರು ಹುಟ್ಟಿದ ಗಾಜನೂರು ಚಾಮರಾಜನಗರಕ್ಕೆ ತಾಗಿದ ತಾಳವಾಡಿ ಸೀಮೆಯಲ್ಲಿದೆ. ಕೊಳ್ಳೇಗಾಲದವರಿಗೆ ಅವರು ನೆಂಟರ ಪೈಕಿ ಇದ್ದಂತೆ. ನೆಲದ ಮೇಲೆ ಕುಳಿತು ಸಿನಿಮಾ ನೋಡಿದ ಹುಡುಗರು ಮರುದಿನ ಟೈರು ಉರುಳಿಸುವಾಗ ಸೈಕಲ್ ಟೈರೇ ಪತ್ತೇದಾರನ ಕಾರಾಯಿತು.

ಇನ್ನು ಟೆಲಿವಿಷನ್ನಿನ ಮಾತು. ದೆಹಲಿಯಲ್ಲಿ ೧೯೫೯ರ ಸೆಪ್ಟೆಂಬರ್ ೧೫ರಂದೇ ಪ್ರಯೋಗಾರ್ಥವಾಗಿ ಪ್ರಸಾರ ಆರಂಭವಾಗಿತ್ತು. ಕರ್ನಾಟಕ ಅದನ್ನು ಮೊದಲು ಕಂಡದ್ದು ರಾಜಧಾನಿಯಲ್ಲಲ್ಲ, ಉತ್ತರದ ಹಳ್ಳಿಗಳಲ್ಲಿ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ಕಾರ್ಯಕ್ರಮ ತೋರಿಸಿದ ಯೋಜನೆಯಲ್ಲಿ ಗುಲ್ಬರ್ಗದ ಕಡೆಯ ಹಳ್ಳಿಗಳೂ ಇದ್ದವು. ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದು ೧೯೮೧ರ ನವೆಂಬರ್ ೧ರಂದು. ೧೯೮೨ರಲ್ಲಿ ಬಣ್ಣ ಬಂತು. ೧೯೮೪ರಲ್ಲಿ ದೇಶದ ಉದ್ದಗಲಕ್ಕೂ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳನ್ನು, ದಿನಕ್ಕೊಂದರಂತೆ ಎನ್ನುವ ಭರದಲ್ಲಿ, ಎಬ್ಬಿಸಿದರು. ಇವುಗಳ ಕೈ ಬಹಳ ದೂರ ಚಾಚುವುದಿಲ್ಲ. ನಡುವೆ ಬೆಟ್ಟ ಅಡ್ಡ ಬಂದರೆ ಅಲ್ಲಿಗೇ ನಿಂತಿತು. ಬೆಟ್ಟಗಳೇ ಹೆಚ್ಚಿರುವ ಸೀಮೆಯಲ್ಲಿ ಒಬ್ಬ ಮಾಡಿನ ಮೇಲೆ ಆಂಟೆನಾ ತಿರುಗಿಸುವುದು, ಇನ್ನೊಬ್ಬ ಕಿಟಕಿಯಿಂದ ‘ಬಂತು, ಬಂತು... ಹೋಯ್ತು’ ಎಂದು ಕೂಗುವುದು ಏಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇರಿಗೊಂದು ಪೆಟ್ಟಿಗೆ, ಮುಂದೆ ನಲವತ್ತು ಕಣ್ಣು.

ಆ ಹೊತ್ತಿಗೆ ಅಮೆರಿಕದಲ್ಲಿ ಎರಡು ತಲೆಮಾರಿನ ಮಕ್ಕಳು ತೆರೆಯ ಕಾರುಗಳನ್ನು ಪ್ರೀತಿಸಿ ಮುಗಿಸಿದ್ದರು. ಎಲ್ಲಕ್ಕೂ ಹಿರಿಯದು ಬ್ಯಾಟ್‌ಮನ್ನನ ಕರಿಯ ಕಾರು; ಆ ಧಾರಾವಾಹಿ ೧೯೬೬ರ ಜನವರಿಯಲ್ಲಿ ಆರಂಭವಾಯಿತು. ಈ ಕಾರಿನ ಪೂರ್ವಜನ್ಮ ಸ್ವಾರಸ್ಯವಾದದ್ದು. ೧೯೫೫ರಲ್ಲಿ ಫೋರ್ಡ್ ಕಂಪನಿಯ ಲಿಂಕನ್ ವಿಭಾಗ ‘ಫ್ಯೂಚುರಾ’ ಎಂಬ ಒಂದೇ ಒಂದು ಪ್ರದರ್ಶನದ ಕಾರನ್ನು ಇಟಲಿಯ ಕುಶಲರ ಕೈಯಲ್ಲಿ ಮಾಡಿಸಿತ್ತು. ಅದಕ್ಕೆ ಆದ ವೆಚ್ಚ ಎರಡೂವರೆ ಲಕ್ಷ ಡಾಲರು. ಪ್ರದರ್ಶನ ಮುಗಿದ ಮೇಲೆ ಅದು ಮೂಲೆಗುಂಪಾಗಿ, ಜಾರ್ಜ್ ಬ್ಯಾರಿಸ್ ಎಂಬಾತನ ಪಾಲಿಗೆ ಹೆಸರಿಗೊಂದು ಡಾಲರಿಗೆ ಬಂತು. ಧಾರಾವಾಹಿಯವರು ಕೇಳಿದಾಗ ಆತ ಹೊಸ ಕಾರು ಮಾಡುವಷ್ಟು ಸಮಯವಿಲ್ಲದೆ ಇದನ್ನೇ ಮೂರು ವಾರದಲ್ಲಿ ತಿದ್ದಿ, ಬಾವಲಿಯ ರೆಕ್ಕೆ ಹಚ್ಚಿ ಕೊಟ್ಟ. ೨೦೧೩ರ ಜನವರಿಯಲ್ಲಿ ಅರಿಜೋನದ ಹರಾಜಿನಲ್ಲಿ ಅದೇ ಕಾರು ೪೬ ಲಕ್ಷ ಡಾಲರು ಮುಟ್ಟಿತು. ಒಂದು ಡಾಲರಿನ ಸಾಮಾನಿಗೆ ಬಾಲ್ಯದ ನೆನಪು ಕಟ್ಟಿದ ಬೆಲೆ ಅದು.

೧೯೭೯ರಿಂದ ೧೯೮೫ರವರೆಗೆ ನಡೆದ ಇನ್ನೊಂದು ಧಾರಾವಾಹಿಯಲ್ಲಿ ಕಿತ್ತಳೆ ಬಣ್ಣದ ಕಾರೊಂದು ವಾರ ವಾರವೂ ಹಳ್ಳಕೊಳ್ಳಗಳ ಮೇಲೆ ಹಾರುತ್ತಿತ್ತು. ಹಾರಿ ಇಳಿದ ಕಾರು ಮತ್ತೆ ಓಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ; ಮುಂದಿನ ದೃಶ್ಯಕ್ಕೆ ಬೇರೆ ಕಾರು. ಒಟ್ಟು ಸುಮಾರು ೩೦೦ ಕಾರುಗಳು ಹೀಗೆ ನುಚ್ಚುನೂರಾದವು. ಮಕ್ಕಳ ಕಣ್ಣಿಗೆ ಮಾತ್ರ ಅದು ಒಂದೇ ಕಾರು, ಸಾವಿಲ್ಲದ್ದು.

ಬಾನುಲಿಯ ಅಭಿಮಾನಿಗಳಾದ ನಿಮಗೆ ಹೆಚ್ಚು ಹಿಡಿಸಬೇಕಾದದ್ದು ‘ನೈಟ್ ರೈಡರ್’ ಎಂಬ ಧಾರಾವಾಹಿಯ ಕಾರು. ೧೯೮೨ರಿಂದ ೧೯೮೬ರವರೆಗೆ ಬಂದ ಈ ಕಥೆಯಲ್ಲಿ ‘ಕಿಟ್’ ಎಂಬ ಹೆಸರಿನ ಕರಿಯ ಕಾರು ಯಜಮಾನನೊಡನೆ ಮಾತನಾಡುತ್ತದೆ, ಬುದ್ಧಿ ಹೇಳುತ್ತದೆ, ಕೊಂಚ ಕೊಂಕೂ ಆಡುತ್ತದೆ. ಕಾರು ಪಾಂಟಿಯಾಕ್ ಕಂಪನಿಯದು. ಅದರ ಮೂತಿಯ ಮೇಲೆ ಕೆಂಪು ದೀಪವೊಂದು ಅತ್ತಿತ್ತ ಹರಿದಾಡುವುದನ್ನು ಬಿಟ್ಟರೆ ಹೊರಗೆ ಅಂಥ ವಿಶೇಷವೇನೂ ಇಲ್ಲ. ಜೀವ ಕೊಟ್ಟದ್ದು ಧ್ವನಿ. ವಿಲಿಯಂ ಡೇನಿಯಲ್ಸ್ ಎಂಬ ಹಿರಿಯ ನಟರು ತಮ್ಮ ಮಾತುಗಳನ್ನು ಬೇರೆಡೆ ಕುಳಿತು ಮುದ್ರಿಸಿಕೊಡುತ್ತಿದ್ದರು. ಧಾರಾವಾಹಿಯಲ್ಲಿ ಅವರ ಹೆಸರನ್ನೂ ತೋರಿಸುತ್ತಿರಲಿಲ್ಲ. ೧೯೩೫ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ಮನೆಯಿಂದ ಪ್ರಸಾರ ಆರಂಭಿಸಿದ ದಿನದಿಂದ ನಮ್ಮ ಬಾನುಲಿ ನಾಟಕಗಳು ಮಾಡಿಕೊಂಡು ಬಂದದ್ದೂ ಇದನ್ನೇ ಅಲ್ಲವೆ? ಕಾಣದ ದೇಹಕ್ಕೆ ಧ್ವನಿಯೊಂದೇ ಆಧಾರ. ಅಮೆರಿಕನ್ನರು ಆ ಧ್ವನಿಗೆ ನಾಲ್ಕು ಚಕ್ರ ಜೋಡಿಸಿದರು, ಅಷ್ಟೆ.

ಈ ಸರಕಿನಲ್ಲಿ ದೂರದರ್ಶನದ ಮೂಲಕ ನಮ್ಮ ಮಕ್ಕಳ ಕಣ್ಣಿಗೆ ಬಿದ್ದದ್ದು ಸ್ವಲ್ಪವೇ. ‘ಸ್ಟ್ರೀಟ್ ಹಾಕ್’ ಎಂಬ, ಗಂಟೆಗೆ ೩೦೦ ಮೈಲಿ ಓಡುತ್ತದೆನ್ನುವ ಮೋಟಾರು ಸೈಕಲ್ಲಿನ ಕಥೆಯೊಂದು ಬಂತು. ೧೯೮೫ರಲ್ಲಿ ಅಮೆರಿಕದಲ್ಲಿ ಅದು ೧೩ ಕಂತಿಗೇ ನಿಂತುಹೋಗಿತ್ತು. ಅಲ್ಲಿ ಸೋತ ಗಾಡಿ ಇಲ್ಲಿ ಗೆದ್ದಿತು. ಆ ತಲೆಮಾರಿನ ಹುಡುಗರ ಬಾಯಲ್ಲಿ ಆ ಹೆಸರು ಇಂದಿಗೂ ಉಂಟು. ಇಂಗ್ಲಿಷು ಅರ್ಥವಾಗುತ್ತಿತ್ತೆ ಎಂದು ಕೇಳಬೇಡಿ. ವೇಗಕ್ಕೆ ಭಾಷಾಂತರ ಬೇಡ.

ಆದರೆ ಕೇರಿಯನ್ನೆಲ್ಲ ಒಂದೆಡೆ ಸೇರಿಸಿದ ತೆರೆಯ ಗಾಡಿ ಯಾವುದೆಂದು ಕೇಳಿದರೆ ನಾನು ಹಿಂಜರಿಯದೆ ರಥವೆನ್ನುತ್ತೇನೆ. ೧೯೮೭ರ ಜನವರಿ ೨೫ರಂದು ರಾಮಾನಂದ ಸಾಗರರ ‘ರಾಮಾಯಣ’ವೂ ೧೯೮೮ರ ಅಕ್ಟೋಬರ್ ೨ರಂದು ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ವೂ ಆರಂಭವಾದವು. ಎರಡೂ ಹಿಂದಿ. ಹಿಂದಿ ಬಾರದ ಅಜ್ಜಿಯೇ ಮೊಮ್ಮಕ್ಕಳಿಗೆ ಕಥೆ ಬಿಡಿಸಿ ಹೇಳುತ್ತಿದ್ದಳು. ಕಥೆ ಅವಳಿಗೆ ಗೊತ್ತಿತ್ತು, ಭಾಷೆ ಯಾರಿಗೆ ಬೇಕು? ಯಜಮಾನನ ಮನಸ್ಸನ್ನು ತಿಳಿದು ತಾನೇ ಹಾರುವ ಪುಷ್ಪಕವಿಮಾನ, ಕೃಷ್ಣ ಕಡಿವಾಣ ಹಿಡಿದ, ಧ್ವಜದಲ್ಲಿ ಹನುಮಂತನಿರುವ ಅರ್ಜುನನ ರಥ: ಅಮೆರಿಕದ ಕಿಟ್ ಹುಟ್ಟುವುದಕ್ಕೆ ಎಷ್ಟೋ ಶತಮಾನ ಹಿಂದೆಯೇ ನಮ್ಮವರು ಇವನ್ನು ಕಲ್ಪಿಸಿದ್ದರು. ಯುದ್ಧ ಮುಗಿದು ಅರ್ಜುನ ಇಳಿದು, ಕೊನೆಗೆ ಕೃಷ್ಣನೂ ಇಳಿದ ಕೂಡಲೇ ಆ ರಥ ಉರಿದು ಬೂದಿಯಾಯಿತೆಂದು ವ್ಯಾಸಭಾರತ ಹೇಳುತ್ತದೆ. ದ್ರೋಣ ಕರ್ಣರ ಅಸ್ತ್ರಗಳಿಂದ ಅದು ಎಂದೋ ಸುಟ್ಟುಹೋಗಿತ್ತು, ಸಾರಥಿ ಕುಳಿತಿದ್ದರಿಂದ ನಿಂತಿತ್ತು, ಅಷ್ಟೆ. ಹರಾಜಿಗೆ ಏನೂ ಉಳಿಯಲಿಲ್ಲ.

ಕನ್ನಡದವರ ಕೈಯಿಂದಲೇ ಬಂದ ಗಾಡಿಯೂ ಒಂದುಂಟು. ಅದು ಓಡುವ ಗಾಡಿಯಲ್ಲ, ಓಡದೆ ಹೆಸರು ಮಾಡಿದ ಗಾಡಿ. ಮೈಸೂರಿನಲ್ಲಿ ಕುಳಿತು ಮಾಲ್ಗುಡಿಯನ್ನು ಸೃಷ್ಟಿಸಿದ ಆರ್. ಕೆ. ನಾರಾಯಣ್ ಅವರ ಕಥೆಯೊಂದರಲ್ಲಿ ಬಡಪಾಯಿಯೊಬ್ಬನಿಗೆ ಅದೃಷ್ಟದ ಚೀಟಿಯಲ್ಲಿ ರಸ್ತೆ ಸಮ ಮಾಡುವ ರೋಡ್ ಎಂಜಿನ್ನು ಬಹುಮಾನವಾಗಿ ಬರುತ್ತದೆ. ಅದನ್ನು ಅಲ್ಲಾಡಿಸಲೂ ಆಗದು, ಬಿಡಲೂ ಆಗದು. ೧೯೮೦ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ನಿರ್ದೇಶಿಸಿದಾಗ ಈ ಕಥೆಯನ್ನೂ ತೆರೆಗೆ ತಂದರು. ಊರಿನ ರಸ್ತೆ ಬದಿಯಲ್ಲಿ ತುಕ್ಕು ಹಿಡಿದು ನಿಂತ ರೋಲರನ್ನು ಕಂಡ ಮಕ್ಕಳಿಗೆ ಅದು ಯಾರ ಬಹುಮಾನವೋ ಎಂಬ ನಗೆ. ಇದೇ ಶಂಕರ್ ನಾಗ್ ೧೯೮೦ರ ‘ಆಟೋ ರಾಜ’ ಚಿತ್ರದಿಂದ ನಾಡಿನ ಆಟೋಗಳ ಹಿಂಬದಿಯನ್ನೆಲ್ಲ ಗೆದ್ದುಕೊಂಡರು. ಇಂದಿಗೂ ಅವರ ಚಿತ್ರವಿಲ್ಲದ ಆಟೋ ನಿಲ್ದಾಣ ಅಪರೂಪ. ೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಆಟೋದವರು ಅತ್ತದ್ದನ್ನು ನಿಮ್ಮಲ್ಲಿ ಹಲವರು ಕಂಡಿರಬೇಕು.

ಅದರ ಮುಂದಿನ ವರ್ಷದಿಂದ ಹನೂರು ಸೀಮೆಯ ಮಕ್ಕಳ ನೆನಪು ಬೇರೆ ಊರಿನ ಮಕ್ಕಳದಕ್ಕಿಂತ ಬೇರೆಯಾಗುತ್ತದೆ. ಬೇರೆಡೆ ಮಕ್ಕಳು ತೆರೆಯ ಮೇಲಿನ ಗಾಡಿಯನ್ನು ರಸ್ತೆಯಲ್ಲಿ ಹುಡುಕಿದರು. ಇಲ್ಲಿ ರಸ್ತೆಯ ಮೇಲಿನ ಗಾಡಿಯೇ ತೆರೆಗೆ ಹೋಯಿತು. ವೀರಪ್ಪನ್ನನ ಹಾವಳಿಯ ದಿನಗಳು ಅವು. ೧೯೯೨ರ ಆಗಸ್ಟ್ ೧೪ರಂದು ಮೀಣ್ಯದ ಬಳಿ ಪೊಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಂಗಡಿಗರು ಹೊಂಚು ದಾಳಿಯಲ್ಲಿ ಮಡಿದರು. ೧೯೯೩ರ ಏಪ್ರಿಲ್ ೯ರಂದು ಮಾದಪ್ಪನ ಬೆಟ್ಟದ ಆಚೆ ಪಾಲಾರಿನಲ್ಲಿ ನೆಲಬಾಂಬು ಸಿಡಿದು ೨೨ ಮಂದಿ ಸತ್ತರು. ಸಂಜೆಯಾದ ಮೇಲೆ ಗಾಡಿಯ ಸದ್ದು ಕೇಳಿದರೆ ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುವ ಕಾಲ ಬಂತು. ಕಾಡಿನವರಿಗೆ ಎರಡು ಕಡೆಯ ಭಯ. ಸೋಲಿಗರೂ ಕಾಡಂಚಿನ ಬಡವರೂ ವಿಚಾರಣೆಯ ಹೆಸರಿನಲ್ಲಿ ಪಟ್ಟ ಪಾಡನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರೆಗೆ ಒಯ್ಯಬೇಕಾಯಿತು. ಜೀಪೆಂದರೆ ಬರಿಯ ಜೀಪಲ್ಲ. ಅದು ಯಾರದು, ಯಾರನ್ನು ಕರೆದೊಯ್ಯಲು ಬಂದಿದೆ ಎಂಬುದು ಮೊದಲ ಪ್ರಶ್ನೆ.

೨೦೦೦ದ ಜುಲೈ ೩೦ರ ರಾತ್ರಿ ಗಾಜನೂರಿನ ಮನೆಯಿಂದ ರಾಜ್‌ಕುಮಾರರನ್ನು ಅಪಹರಿಸಿದಾಗ ನಾಡೆಲ್ಲ ಟೆಲಿವಿಷನ್ನಿನ ಮುಂದೆ ಕುಳಿತಿತು. ಸಿನಿಮಾದಲ್ಲಿ ಕಾರುಗಳನ್ನು ಅಟ್ಟಿಸಿಕೊಂಡು ಹೋಗಿದ್ದ ಸಿ.ಐ.ಡಿ. ೯೯೯, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ೧೦೮ ದಿನ ಯಾವ ಗಾಡಿಯೂ ಹೋಗದ ಕಾಡಿನಲ್ಲಿ ಇರಬೇಕಾಯಿತು. ಅವರು ಬಿಡುಗಡೆಯಾದದ್ದು ನವೆಂಬರ್ ೧೫ರಂದು. ಈ ಕಥೆಯ ಕೊನೆಯ ಗಾಡಿಯೂ ತೆರೆಯ ಮೇಲೇ ಕಾಣಿಸಿತು. ೨೦೦೪ರ ಅಕ್ಟೋಬರ್ ೧೮ರ ರಾತ್ರಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ವೀರಪ್ಪನ್ ಸತ್ತದ್ದು ಪೊಲೀಸರು ಆಸ್ಪತ್ರೆಯ ಗಾಡಿಯ ವೇಷ ತೊಡಿಸಿದ್ದ ವಾಹನದಲ್ಲಿ. ಗುಂಡು ತೂತು ಮಾಡಿದ ಆ ಬಿಳಿಯ ಗಾಡಿಯನ್ನು ಮರುದಿನ ದೇಶವೆಲ್ಲ ನೋಡಿತು. ಹನೂರಿನ ಮಕ್ಕಳೂ ನೋಡಿದರು.

ಕೊಳ್ಳೇಗಾಲದಲ್ಲಿ ಈಗ ಹಳೆಯ ಜೀಪೊಂದನ್ನು ದುರಸ್ತಿ ಮಾಡಿ ನೆನಪಿಗಾಗಿ ಇರಿಸಿದ್ದಾರೆ. ಅದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಬಳಸುತ್ತಿದ್ದ ಜೀಪು. ವೀರಪ್ಪನ್ನನ ಸ್ವಂತ ಊರಾದ ಗೋಪಿನಾಥಂನಲ್ಲಿ ಅವರು ಜನರ ನಡುವೆ ಇದ್ದು, ಅವರ ಕಷ್ಟಸುಖ ವಿಚಾರಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿದವರು. ಶರಣಾಗುತ್ತಾನೆಂಬ ಮಾತನ್ನು ನಂಬಿ, ಆಯುಧವಿಲ್ಲದೆ, ಕಾಲ್ನಡೆಯಲ್ಲಿ ಕಾಡಿಗೆ ಹೋದರು; ೧೯೯೧ರ ನವೆಂಬರ್ ೧೦ರಂದು ಕೊಲೆಯಾದರು. ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ನೀಡಿತು. ಈ ಜೀಪು ಯಾವ ಧಾರಾವಾಹಿಯಲ್ಲಿಯೂ ಹಾರಿದ್ದಲ್ಲ, ಹರಾಜಿಗೂ ಬಂದದ್ದಲ್ಲ. ಅದನ್ನು ಗುಜರಿಗೆ ಬಿಡದೆ ಉಳಿಸಿಕೊಳ್ಳಬೇಕೆಂದು ಯಾರಿಗೋ ತೋರಿತಲ್ಲ, ಅದು ದೊಡ್ಡ ಮಾತು.

ಗೋಪಿನಾಥಂನ ಗುಡಿಯಲ್ಲಿ ಊರವರು ಶ್ರೀನಿವಾಸರ ಭಾವಚಿತ್ರಕ್ಕೂ ಪೂಜೆ ಸಲ್ಲಿಸುತ್ತಾರೆ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟ, ಮಾದಪ್ಪನ ಬೆಟ್ಟ, ಪಾಲಾರು ದಾಟಿ ಅಲ್ಲಿಗೆ ಹೋಗಬೇಕು. ಬೆಟ್ಟದ ಬಸ್ಸು ಹತ್ತುವಾಗ ಮಕ್ಕಳನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ. ತಿರುವುಗಳಲ್ಲಿ ಅವರಿಗೆ ವಾಂತಿಯಾಗದಿರಲೆಂದು ಒಂದು ನಿಂಬೆಹಣ್ಣನ್ನೂ ಜೊತೆಗಿಟ್ಟುಕೊಳ್ಳಿ.